ಕಿರುಚಿತ್ರದ ಕತ್ತಿವರಸೆಗೆ ಅಲ್ಯೂಮಿನಿಯಂ ಕತ್ತಿ: ಮಾಡಿಸುವ ಮುನ್ನ ನೋಡಬೇಕಾದ್ದು

ಇಬ್ಬರು ಹವ್ಯಾಸಿ ನಟರು ಕ್ಯಾಮೆರಾ ಮುಂದೆ ಕತ್ತಿಗೆ ಕತ್ತಿ ತಾಗಿಸಿ ಕಾದಾಡಬೇಕು, ನೋಡುವವರಿಗೆ ನಗು ಬರಬಾರದು, ಯಾರ ಬೆರಳೂ ಹೋಗಬಾರದು. ಈ ಮೂರೂ ಬೇಕೆಂದರೆ ಸರಿಯಾಗಿ ಮಾಡಿಸಿದ ಅಲ್ಯೂಮಿನಿಯಂ ಕತ್ತಿಯೇ ಸದ್ಯಕ್ಕೆ ಒಳ್ಳೆಯ ಆಯ್ಕೆ ಎಂಬುದು ನಮ್ಮ ತೀರ್ಮಾನ. ತೊಂದರೆ ಏನೆಂದರೆ, ಆ ಹೆಸರಿನಲ್ಲಿ ಮಾರಾಟವಾಗುವ ಬಹಳಷ್ಟು ಸರಕು ಗೋಡೆಗೆ ನೇತುಹಾಕಲಷ್ಟೇ ಲಾಯಕ್ಕು. ಹಾಗಾಗಿ ಇಲ್ಲಿ ಒಂದು ಬ್ರ್ಯಾಂಡಿಗೆ ಅಂಕ ಕೊಡುವ ಬದಲು, ಎಂಥದ್ದನ್ನು ಕೊಳ್ಳಬೇಕು, ಎಂಥದ್ದನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು ಎಂದು ನೋಡೋಣ.

ಮೊದಲು ಉಳಿದ ದಾರಿಗಳು. ನಾಟಕದ ವೇಷಭೂಷಣ ಬಾಡಿಗೆಗೆ ಕೊಡುವ ಅಂಗಡಿಯ ಕತ್ತಿ ರಂಗದ ಮೇಲೆ ಎತ್ತಿ ಹಿಡಿದು ಮಾತಾಡುವುದಕ್ಕೆ ಮಾಡಿದ್ದು. ತಗಡಿನ ಅಲಗು, ಎರಡು ರಿವೆಟ್ಟಿನ ಮೇಲೆ ನಿಂತ ಹಿಡಿ. ಸೊಂಟಕ್ಕೆ ಕಟ್ಟಿಕೊಂಡು ನಡೆಯುವ ದೃಶ್ಯಕ್ಕೆ ಧಾರಾಳವಾಗಿ ತನ್ನಿ. ಹೊಡೆದಾಟಕ್ಕೆ ತರುವುದಾದರೆ ಒಂದು ಪರೀಕ್ಷೆ ಮಾಡಿ: ಹಿಡಿಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯ ಮುಷ್ಟಿಯಿಂದ ಆ ಮಣಿಕಟ್ಟಿನ ಮೇಲೆ ಗುದ್ದಿ. ಒಳಗೆ ಗಲಗಲ ಅಂದರೆ ಅಲಗು ಸಡಿಲವಾಗಿದೆ ಎಂದೇ ಅರ್ಥ. ಅದು ಹೊಡೆದಾಟದ ಮಧ್ಯೆ ಹಿಡಿ ಬಿಟ್ಟು ಹಾರಬಹುದು.

ಆನ್‌ಲೈನಿನಲ್ಲಿ ಮಿರಮಿರ ಮಿಂಚುವ ಸ್ಟೇನ್‌ಲೆಸ್ ಸ್ಟೀಲ್ ಕತ್ತಿಯನ್ನಂತೂ ಮುಟ್ಟಲೇಬೇಡಿ. ಗಟ್ಟಿ ಮಾಡಿದ ಸ್ಟೇನ್‌ಲೆಸ್ ಚಿಕ್ಕ ಚಾಕುವಿಗೆ ಸರಿ. ಎರಡೂವರೆ ಅಡಿ ಉದ್ದದ ಅಲಗಿನಲ್ಲಿ ಬಾಗುವ ಬದಲು ಪಟ್ಟನೆ ಮುರಿಯುತ್ತದೆ. ಅದರ ಹಿಡಿಯೊಳಗೆ ಸಾಮಾನ್ಯವಾಗಿ ಇರುವುದು ವೆಲ್ಡ್ ಮಾಡಿದ ತೆಳ್ಳನೆ ಸರಳು. ಮುರಿದ ತುಂಡು ಎತ್ತ ಹೋಗುತ್ತದೆ ಎಂದು ಯಾರೂ ಹೇಳಲಾರರು, ಕ್ಯಾಮೆರಾ ಹಿಡಿದವನ ಕಡೆಗೂ ಹೋಗಬಹುದು.

ಪಾಲಿಪ್ರೊಪಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಅಭ್ಯಾಸದ ಕತ್ತಿ ಗಟ್ಟಿಮುಟ್ಟಾದದ್ದು, ಮಳೆ ಬಿಸಿಲಿಗೆ ಜಗ್ಗುವುದಿಲ್ಲ. ಆದರೆ ಬಣ್ಣ ಕಪ್ಪು, ಮೇಲೆ ಬೆಳ್ಳಿ ಬಣ್ಣ ಹೊಡೆದರೆ ನಿಲ್ಲುವುದಿಲ್ಲ. ಆ ಪ್ಲಾಸ್ಟಿಕ್ಕಿಗೆ ಬಣ್ಣ ಅಂಟುವುದೇ ಇಲ್ಲ, ವಿಶೇಷ ಪ್ರೈಮರ್ ಹಾಕದಿದ್ದರೆ ಮೊದಲ ಏಟಿಗೇ ಚಕ್ಕೆ ಏಳುತ್ತದೆ. ಮೆತ್ತಗಿದೆ ಎಂದು ತಿಳಿದು ಗೆಣ್ಣಿಗೆ ಹೊಡೆಸಿಕೊಂಡರೆ ಊದಿಕೊಳ್ಳುವುದೂ ಖಂಡಿತ. ಇದು ರಿಹರ್ಸಲ್‌ಗೆ, ದೂರದಲ್ಲಿ ಕಾಣುವ ಸೈನಿಕರಿಗೆ.

ಫೋಮ್ ಕತ್ತಿಗೆ ಒಳಗೆ ಫೈಬರ್‌ಗ್ಲಾಸ್ ಸರಳು, ಮೇಲೆ ಫೋಮ್, ಅದರ ಮೇಲೆ ಲೇಟೆಕ್ಸ್ ಲೇಪ. ಎದುರಾಳಿಯ ಬೆನ್ನಿಗೆ ನಿಜಕ್ಕೂ ಏಟು ಬೀಳುವ ಶಾಟಿಗೆ ಬೇರೆ ದಾರಿಯಿಲ್ಲ. ಆದರೂ ಅದರಲ್ಲಿ ತಿವಿಯಬಾರದು. ಮೊನೆಯ ಫೋಮ್ ಹರಿದು ಒಳಗಿನ ಸರಳು ಹೊರಬರುತ್ತದೆ. ಬೀಸಿದಾಗ ಅಲಗು ಬಳುಕುವುದು ಇನ್ನೊಂದು ಕೊರತೆ: ಚುರುಕು ಶಟರ್‌ನಲ್ಲಿ ತೆಗೆದ ದೃಶ್ಯದಲ್ಲಿ ಪ್ರತಿ ಫ್ರೇಮಿನಲ್ಲೂ ಬಾಗಿದ ಕತ್ತಿ ಕಾಣುತ್ತದೆ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟರೆ ಲೇಟೆಕ್ಸ್ ಅಂಟಂಟಾಗಿ ಹಾಳಾಗುತ್ತದೆ.

ಇನ್ನು ಅಲ್ಯೂಮಿನಿಯಂ. ಲೋಹದ ದರ್ಜೆ ಕೇಳದೆ ಆರ್ಡರ್ ಕೊಡಬೇಡಿ. ಕಿಟಕಿ ಚೌಕಟ್ಟಿಗೆ ಬಳಸುವ 6063 ಮೆದು, ನಾಲ್ಕು ತಡೆಗೆ ಬಾಗುತ್ತದೆ. 6061-ಟಿ6 ಅಥವಾ 6082-ಟಿ6 ಸಾಕು (ಟಿ6 ಎಂದರೆ ಕಾಯಿಸಿ ಗಟ್ಟಿ ಮಾಡಿದ್ದು). 7075-ಟಿ6 ಇವಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಬಲವಾದದ್ದು, ದುಡ್ಡೂ ಹೆಚ್ಚು. ದಿನವಿಡೀ ತಾಗಿಸಿ ಹೊಡೆಯುವ ನಾಯಕ, ಖಳನಾಯಕರ ಕತ್ತಿಗೆ ಆ ಖರ್ಚು ಸಾರ್ಥಕ. ಬೆಂಗಳೂರಿನವರಾದರೆ ಪೀಣ್ಯದ ಕಡೆಯ ವರ್ಕ್‌ಶಾಪುಗಳಲ್ಲಿ ಡ್ರಾಯಿಂಗ್ ಕೊಟ್ಟು ಪಟ್ಟಿಯಿಂದ ಕತ್ತರಿಸಿಕೊಳ್ಳುವುದೇ ಲೇಸು. ವಾಟರ್‌ಜೆಟ್‌ನಲ್ಲಿ, ಅಂದರೆ ರಭಸದ ನೀರಿನ ಧಾರೆಯಲ್ಲಿ ಕತ್ತರಿಸಿದರೆ ಬಿಸಿ ತಾಗುವುದಿಲ್ಲ, ಲೋಹದ ಗಟ್ಟಿತನ ಹಾಗೇ ಉಳಿಯುತ್ತದೆ.

ದಪ್ಪದ ಲೆಕ್ಕದಲ್ಲಿ ಎಡವುವವರು ಹೆಚ್ಚು. ಉಕ್ಕಿನ ಸಾಂದ್ರತೆ ಘನ ಸೆಂ.ಮೀ.ಗೆ 7.85 ಗ್ರಾಂ, ಅಲ್ಯೂಮಿನಿಯಂನದು 2.7. 75 ಸೆಂ.ಮೀ. ಉದ್ದ, 32 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿ ಸುಮಾರು 940 ಗ್ರಾಂ ತೂಗಿದರೆ, 6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿ 390 ಗ್ರಾಂ ಮಾತ್ರ. ಎರಡು ಬದಿ ಇಳಿಜಾರು ಉಜ್ಜಿದ ಮೇಲೆ ಇನ್ನೂ ಕಡಿಮೆ. ಇಷ್ಟು ಹಗುರವಾದರೆ ನಟನ ಕೈಯಲ್ಲಿ ಅದು ಬೆತ್ತದಂತೆ ಆಡುತ್ತದೆ: ಹೊಡೆತ ಶುರುವಾದ ಕೂಡಲೇ ನಿಲ್ಲುತ್ತದೆ, ಮೈ ತಿರುಗುವುದಿಲ್ಲ, ಬರೀ ಮಣಿಕಟ್ಟು ಅಲುಗುತ್ತದೆ. ಹವ್ಯಾಸಿ ಚಿತ್ರದ ಕತ್ತಿವರಸೆ ಸುಳ್ಳೆನಿಸುವುದು ಬಹುಪಾಲು ಇಲ್ಲೇ. 8 ಮಿ.ಮೀ. ಪಟ್ಟಿ ತೆಗೆದುಕೊಳ್ಳಿ, ಸುಮಾರು 520 ಗ್ರಾಂ. ಉಜ್ಜಿದ ಮೇಲೆ ಉಳಿದದ್ದಕ್ಕೆ ಹಿತ್ತಾಳೆ ಅಥವಾ ಕಬ್ಬಿಣದ ಹಿಡಿ ಸೇರಿಸಿ ಒಟ್ಟು 850ರಿಂದ 950 ಗ್ರಾಂ ಬರುವಂತೆ ನೋಡಿ. ಬೆರಳ ಮೇಲಿಟ್ಟು ತೂಗಿದಾಗ ಕಾಪಿನಿಂದ (ಹಿಡಿಯ ಮುಂದೆ ಕೈ ಕಾಯುವ ಅಡ್ಡಪಟ್ಟಿ) ಮುಂದಕ್ಕೆ ನಾಲ್ಕು ಬೆರಳಗಲದಲ್ಲಿ ಸಮತೂಕ ನಿಲ್ಲಬೇಕು. ಹಿಡಿಯೊಳಗೇ ನಿಂತರೆ ಹಿಡಿಯ ಹಿಂತುದಿಯ ಗುಂಡು ತೀರಾ ಭಾರವಾಗಿದೆ, ಕಡಿಮೆ ಮಾಡಿಸಿ.

ಅಲಗು, ಹಿಡಿಯೊಳಗಿನ ಪಟ್ಟಿ ಎರಡೂ ಒಂದೇ ತುಂಡಾಗಿರಬೇಕು. ಟಿ6 ಅಲ್ಯೂಮಿನಿಯಂಗೆ ವೆಲ್ಡ್ ಹಾಕಿದರೆ ಬೆಸುಗೆಯ ಅಕ್ಕಪಕ್ಕ ಲೋಹ ಮೆದುವಾಗುತ್ತದೆ. ಏಟಿನ ಭಾರವೆಲ್ಲ ಬೀಳುವುದೂ ಅಲ್ಲೇ. ಅಲಗು ಕಿರಿದಾಗಿ ಹಿಡಿಯೊಳಗೆ ಹೋಗುವ ಮೂಲೆಯನ್ನು ಚೌಕವಾಗಿ ಕತ್ತರಿಸಬಾರದು, ಕನಿಷ್ಠ 3 ಮಿ.ಮೀ. ಗುಂಡಗಿನ ತಿರುವು ಇರಲಿ. ಚೂಪು ಮೂಲೆಯಿಂದಲೇ ಬಿರುಕು ಶುರುವಾಗುವುದು. ಹಿಡಿಯ ಮರದ ಹೋಳುಗಳಿಗೆ 5 ಮಿ.ಮೀ. ರಿವೆಟ್ ಮೂರು, ಮೊದಲನೆಯದು ಕಾಪಿನಿಂದ ಎರಡು ಬೆರಳು ಹಿಂದೆ. ಅಂಚಿನ ದಪ್ಪ 2 ಮಿ.ಮೀ.ಗಿಂತ ಕಡಿಮೆ ಬೇಡ, ಮೊನೆ ರೂಪಾಯಿ ನಾಣ್ಯದಷ್ಟು ಗುಂಡಗಿರಲಿ. ಕ್ಯಾಮೆರಾದಲ್ಲಿ ಇದು ಮೊಂಡು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಬಣ್ಣದ ಮಾತು. ಪಾಲಿಶ್ ಮಾಡಿಸಿದ ಅಲ್ಯೂಮಿನಿಯಂ ಹೊರಾಂಗಣದಲ್ಲಿ ಟ್ಯೂಬ್‌ಲೈಟಿನಂತೆ ಬೆಳಗುತ್ತದೆ. ಹಸಿರು ಸ್ಕಾಚ್‌ಬ್ರೈಟ್‌ನಿಂದ ಅಲಗಿನ ಉದ್ದಕ್ಕೆ, ಒಂದೇ ದಿಕ್ಕಿಗೆ ಉಜ್ಜಿ, ನಡುವಿನ ತೋಡಿಗೆ ನೀರಾದ ಕಪ್ಪು ಬಣ್ಣ ಸವರಿ ಒರೆಸಿದರೆ ಉಕ್ಕಿಗೆ ಹತ್ತಿರವಾಗುತ್ತದೆ. ಸದ್ದು ಮಾತ್ರ ಯಾವ ಉಪಾಯಕ್ಕೂ ಬಗ್ಗದು: ಠಣ್ ಅನ್ನುವ ಬದಲು ಟಕ್ ಅನ್ನುತ್ತದೆ. ಉಕ್ಕಿನ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಕೂಡಿಸಿ. ಪ್ರತಿ ತಾಗಿಗೂ ಒಂದೇ ಠಣ್ ಹಾಕಿದರೆ ಮಾತ್ರ ದೇವಸ್ಥಾನದ ಗಂಟೆಯಾದೀತು.

ಕತ್ತಿ ಎಷ್ಟೇ ಚೆನ್ನಾಗಿರಲಿ, ವರಸೆ ಕಟ್ಟುವ ಕ್ರಮ ಬದಲಾಗದು. ಐದು ಗುರಿ ಸಾಕು: ಎರಡು ಭುಜ, ಎರಡು ತೊಡೆ, ತಲೆ. ಆರರಿಂದ ಎಂಟು ಹೊಡೆತಕ್ಕೆ ಒಂದು ತುಣುಕು, ನಂತರ ಇಬ್ಬರೂ ಬಿಟ್ಟು ಸರಿದು ಉಸಿರಾಡುವ ಜಾಗ. ಕೈ ಪೂರ್ತಿ ಚಾಚಿದಾಗಲೂ ಮೊನೆ ಎದುರಾಳಿಯ ಮೈಯಿಂದ ಒಂದು ಗೇಣು ದೂರದಲ್ಲೇ ಉಳಿಯಬೇಕು. ಹೊಡೆಯುವವ ಮೊದಲು ಕಣ್ಣಲ್ಲಿ ಕಣ್ಣಿಟ್ಟು ಕತ್ತಿ ಎತ್ತಿ ಸೂಚಿಸುತ್ತಾನೆ, ತಡೆಯುವವ ತಡೆಯ ಜಾಗಕ್ಕೆ ಹೋಗುತ್ತಾನೆ, ಹೊಡೆತ ಬೀಳುವುದು ಆಮೇಲೆ. ಈ ಸರದಿ ತಪ್ಪಿದಾಗಲೇ ಏಟಾಗುವುದು. ತಡೆ ಯಾವಾಗಲೂ ಅಲಗಿನ ಹಿಡಿಯ ಹತ್ತಿರದ ಮೂರನೇ ಒಂದು ಭಾಗದಲ್ಲಿ. ಮೊನೆಯ ಕಡೆ ತಡೆದರೆ ಕತ್ತಿ ಹಿಂದಕ್ಕೆ ಬಡಿದು ಮುಖಕ್ಕೇ ಬರುತ್ತದೆ. ಕಾಲುಭಾಗ ವೇಗ, ಅರ್ಧ, ಮುಕ್ಕಾಲು ಎಂದು ಏರಿಸಿ ಮುಕ್ಕಾಲಿಗೇ ಚಿತ್ರೀಕರಿಸಿ. ಉಳಿದದ್ದು ಎಡಿಟಿಂಗ್‌ಗೆ: 108ರಿಂದ 110 ಪರ್ಸೆಂಟ್ ವೇಗ ಏರಿಸಿದರೆ ಯಾರಿಗೂ ತಿಳಿಯದು, ಅದಕ್ಕಿಂತ ಹೆಚ್ಚಾದರೆ ಪಂಚೆಯ ಅಂಚು, ತಲೆಗೂದಲು, ಕಾಲೂರುವ ಬಗೆ ಗುಟ್ಟು ಬಿಟ್ಟುಕೊಡುತ್ತವೆ.

ನಮ್ಮ ಕಡೆಯ ಕಥೆ ಮಾಡುವವರು ಒಂದು ವಿಷಯ ಮರೆಯುತ್ತಾರೆ. ಉತ್ತರದ ತಲ್ವಾರ್ ಮಾದರಿಯ ಹಿಡಿಯ ಹಿಂದೆ ತಟ್ಟೆಯಂಥ ಬಿಲ್ಲೆ ಇರುತ್ತದೆ, ಹಿಡಿ ಒಂದು ಮುಷ್ಟಿಯಷ್ಟೇ ಉದ್ದ. ಯೂರೋಪಿನ ಫೆನ್ಸಿಂಗ್ ವಿಡಿಯೊ ನೋಡಿ ಕಲಿತವರು ಕೈ ಚಾಚಿ ತಿವಿಯಲು ಹೋದರೆ ಆ ಬಿಲ್ಲೆ ಮಣಿಕಟ್ಟಿಗೆ ಒತ್ತುತ್ತದೆ. ಆ ಹಿಡಿಗೆ ಒಗ್ಗುವುದು ಮುಷ್ಟಿ ಬಿಗಿದು, ಮೊಣಕೈ ಭುಜದಿಂದ ಬೀಸಿ, ಕೊನೆಗೆ ತನ್ನತ್ತ ಎಳೆದುಕೊಳ್ಳುವ ಕೊಯ್ತ. ಎಡಗೈಯಲ್ಲಿ ಗುರಾಣಿ ಇದ್ದರೆ ವರಸೆ ಇನ್ನೂ ಸುಲಭ, ತಡೆಯ ಅರ್ಧ ಕೆಲಸ ಅದೇ ಮಾಡುತ್ತದೆ. ಎರಡು ಕೈಯಲ್ಲಿ ಹಿಡಿದು ತಿರುಗಿಸುವ ವರಸೆಯೇ ಬೇಕೆಂದಿದ್ದರೆ ಹಿಡಿಯನ್ನು ಹಾಗೆಯೇ ಉದ್ದ ಮಾಡಿಸಿ. ವರಸೆ ಒಂದು ನಾಡಿನದು, ಹಿಡಿ ಇನ್ನೊಂದರದು ಆದರೆ ನಟನಿಗೂ ನೋವು, ನೋಟಕ್ಕೂ ಸೊಗಸಿಲ್ಲ.

ಕ್ಯಾಮೆರಾ ಇಬ್ಬರಿಗೂ ಅಡ್ಡವಾಗಿ ಪಕ್ಕದಲ್ಲಿ ನಿಂತರೆ ಆ ಒಂದು ಗೇಣಿನ ಅಂತರ ಸ್ಪಷ್ಟವಾಗಿ ಕಾಣುತ್ತದೆ. ಒಬ್ಬನ ಭುಜದ ಹಿಂದಿನಿಂದ, 85 ಮಿ.ಮೀ. ಆಸುಪಾಸಿನ ಲೆನ್ಸ್‌ನಲ್ಲಿ ದೂರದಿಂದ ತೆಗೆದರೆ ಅಂತರ ಮುಚ್ಚಿಹೋಗುತ್ತದೆ. ಕೊಲ್ಲುವ ತಿವಿತವನ್ನು ಕ್ಯಾಮೆರಾಕ್ಕೆ ಮರೆಯಾದ ಕಂಕುಳಡಿಯಲ್ಲಿ ಹಾಯಿಸಿ. ನಮ್ಮಲ್ಲಿ ಕರೆಂಟು 50 ಹರ್ಟ್ಸ್ ಆದ್ದರಿಂದ ಒಳಾಂಗಣದಲ್ಲಿ ಸೆಕೆಂಡಿಗೆ 25 ಫ್ರೇಮಿಗೆ ಶಟರ್ 1/100 ಇಡಿ: ಲೈಟು ಮಿಟುಕುವುದಿಲ್ಲ, ಅಲಗು 1/50ರಲ್ಲಿ ಕಾಣುವಷ್ಟು ಮಸುಕಾಗುವುದೂ ಇಲ್ಲ.

ಈ ಕತ್ತಿಯ ನಿಜವಾದ ಕೊರತೆ ನಿರ್ವಹಣೆಯಲ್ಲಿದೆ. ಪ್ರತಿ ತಾಗಿಗೂ ಅಂಚಿನಲ್ಲಿ ಕಚ್ಚು ಬೀಳುತ್ತದೆ, ಕಚ್ಚಿನ ತುಟಿ ಬ್ಲೇಡಿನಷ್ಟು ಹರಿತ. ಮೊಂಡು ಕತ್ತಿ ಅಂಗೈ ಕೊಯ್ಯುವುದು ಹೀಗೆ. ಪ್ರತಿ ವಿರಾಮದಲ್ಲೂ ಬಟ್ಟೆ ಸವರಿ ನೋಡಿ, ಸಿಕ್ಕಿಕೊಂಡಲ್ಲಿ ಅರದಿಂದ ಉಜ್ಜಿ, ಆಮೇಲೆ 120, 240ರ ಎಮರಿ ಕಾಗದ. ಅರದ ಹಲ್ಲಿಗೆ ಅಲ್ಯೂಮಿನಿಯಂ ಕಚ್ಚಿಕೊಳ್ಳುತ್ತದೆ; ಮೊದಲೇ ಸೀಮೆಸುಣ್ಣ ತಿಕ್ಕಿಕೊಂಡರೆ ಬಚಾವು. ಉಕ್ಕಿನ ಕತ್ತಿಯೊಡನೆ ಇದನ್ನು ತಾಗಿಸಲೇಬಾರದು, ಒಂದೇ ದೃಶ್ಯಕ್ಕೆ ಗರಗಸವಾಗುತ್ತದೆ. ಅಲ್ಯೂಮಿನಿಯಂ ಏಟು ತಿಂದಷ್ಟೂ ಒಳಗೇ ದಣಿಯುವ ಲೋಹ. ಕಾಪಿನ ಬುಡದಲ್ಲಿ ಕೂದಲೆಳೆಯ ಗೆರೆ ಕಂಡರೆ ಆ ಕತ್ತಿ ಕ್ಲೋಸಪ್ಪಿಗಷ್ಟೇ ಇರಲಿ.

ಇಬ್ಬರ ಕಾಳಗಕ್ಕೆ ಮೂರು ಕತ್ತಿ ಮಾಡಿಸಿ, ಒಂದು ಬದಲಿಗೆ. ರಿಹರ್ಸಲ್‌ಗೆ 25 ಮಿ.ಮೀ. ದಪ್ಪದ ಬೆತ್ತ ಸಾಕು. ಬಿದಿರು ಬೇಡ, ಸೀಳಿದರೆ ಸಿಬಿರು ಚೂರಿಯಂತೆ ಏಳುತ್ತದೆ. ರಸ್ತೆ, ಕೋಟೆ, ಗುಡ್ಡ ಎಲ್ಲೇ ಚಿತ್ರೀಕರಣವಿರಲಿ, ಹತ್ತಿರದ ಪೊಲೀಸ್ ಠಾಣೆಗೆ ಬರೆದುಕೊಟ್ಟಿರಿ: 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಹರಿತ ಅಲಗು ಆಯುಧ ನಿಯಮಗಳ ಪಟ್ಟಿಯಲ್ಲಿದೆ. ನಿಮ್ಮದು ಮೊಂಡು ಎಂದು ದೂರದಿಂದ ನೋಡಿದವರಿಗೆ ತಿಳಿಯದು. ಕತ್ತಿ ತಾಗದ ಒಂದೇ ದೃಶ್ಯವಿರುವ ಚಿತ್ರವಾದರೆ ಇಷ್ಟೆಲ್ಲ ಬೇಡ, ಬಾಡಿಗೆಯದೇ ತನ್ನಿ. ಮಾಡಿಸುವವರು ವರ್ಕ್‌ಶಾಪಿಗೆ ತಕ್ಕಡಿ ಒಯ್ಯಿರಿ. ಮೂರರ ತೂಕದಲ್ಲಿ 50 ಗ್ರಾಂಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಹಿಂದಿನ ಗುಂಡು ಸರಿಮಾಡಿಸದೆ ಪೂರ್ತಿ ದುಡ್ಡು ಕೊಡಬೇಡಿ, ಏಕೆಂದರೆ ಒಂದರಲ್ಲಿ ಅಭ್ಯಾಸವಾದ ಕೈ ಇನ್ನೊಂದರಲ್ಲಿ ಅಂತರ ತಪ್ಪುತ್ತದೆ.