ನೆಲದ ಹತ್ತಿರ ಸಿಮ್ ಏನು ಮಾಡುತ್ತದೆ? ಐಎಲ್-2, ಡಿಸಿಎಸ್, ಫಾಲ್ಕನ್ ಬಿಎಂಎಸ್

ಯುದ್ಧವಿಮಾನದ ಸಿಮ್‌ಗಳ, ಅಂದರೆ ಐಎಲ್-2, ಡಿಸಿಎಸ್, ಫಾಲ್ಕನ್ ಬಿಎಂಎಸ್‌ನಂಥ ವಿಮಾನ ಹಾರಿಸುವ ಕಂಪ್ಯೂಟರ್ ಆಟಗಳ ಬಗ್ಗೆ ವಾದ ಶುರುವಾದರೆ ಮಾತೆಲ್ಲ ತಿರುವು, ವೇಗ, ಮಿಸೈಲ್ ಮೇಲೇ. ರನ್‌ವೇ ಮೇಲಿನ ಕೊನೆಯ ಹತ್ತು ಮೀಟರ್ ಯಾರಿಗೂ ಬೇಕಿಲ್ಲ. ನನಗೆ ಮಾತ್ರ ಒಂದು ಸಿಮ್‌ನ ಫ್ಲೈಟ್ ಮಾಡೆಲ್ (ವಿಮಾನ ಹೇಗೆ ಹಾರಬೇಕೆಂಬ ಅದರ ಲೆಕ್ಕ) ಎಷ್ಟು ಗಟ್ಟಿ ಅಂತ ಗೊತ್ತಾಗುವುದು ಅಲ್ಲೇ. ಕಾರಣ ಗ್ರೌಂಡ್ ಎಫೆಕ್ಟ್, ಅಂದರೆ ನೆಲ ಹತ್ತಿರವಾದಾಗ ವಿಮಾನದ ಹಾರಾಟದಲ್ಲಿ ಆಗುವ ಬದಲಾವಣೆ.

ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳಿ ವಿಮಾನವನ್ನು ಎತ್ತಿ ಹಿಡಿಯುತ್ತದೆ. ಆಗ ರೆಕ್ಕೆಯ ತುದಿಗಳಲ್ಲಿ ಸುಳಿ ಏಳುತ್ತದೆ. ಅದಕ್ಕೆ ತೆರುವ ಬೆಲೆಯೇ ಇಂಡ್ಯೂಸ್ಡ್ ಡ್ರ್ಯಾಗ್ (ಡ್ರ್ಯಾಗ್ ಅಂದರೆ ವಿಮಾನವನ್ನು ಹಿಂದಕ್ಕೆಳೆಯುವ ಗಾಳಿಯ ತಡೆ). ನೆಲ ಹತ್ತಿರವಾದರೆ ಆ ಸುಳಿಗೆ ಜಾಗ ಸಾಲದು, ಡ್ರ್ಯಾಗ್ ಕುಸಿಯುತ್ತದೆ. ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಕೈಪಿಡಿಯ ಲೆಕ್ಕ ಹೀಗಿದೆ: ರೆಕ್ಕೆ ತುದಿಯಿಂದ ತುದಿಗೆ ಎಷ್ಟಿದೆಯೋ ಅಷ್ಟೇ ಎತ್ತರದಲ್ಲಿದ್ದರೆ ಇಂಡ್ಯೂಸ್ಡ್ ಡ್ರ್ಯಾಗ್ ಬರೀ 1.4% ಕಡಿಮೆ. ಅದರ ಕಾಲು ಭಾಗದಷ್ಟು ಎತ್ತರಕ್ಕೆ ಇಳಿದರೆ 23.5%. ಹತ್ತನೇ ಒಂದು ಭಾಗಕ್ಕೆ ಬಂದರೆ 47.6%. ಅಂದರೆ ಮೇಲೆ ಏನೂ ಇಲ್ಲ, ಕೊನೆಗೆ ಒಮ್ಮೆಲೇ ಎಲ್ಲ. ಇದರ ಜೊತೆಗೆ ಲಿಫ್ಟ್ (ಎತ್ತಿ ಹಿಡಿಯುವ ಬಲ) ಸ್ವಲ್ಪ ಏರುತ್ತದೆ. ಬಾಲದ ಮೇಲೆ ಬೀಳುತ್ತಿದ್ದ ಗಾಳಿಯ ದಿಕ್ಕೂ ಬದಲಾಗಿ ಮೂತಿ ಕೆಳಗೆ ಬಾಗುತ್ತದೆ. ಈ ಮೂರನೆಯದನ್ನು ಜನ ಮರೆತೇ ಬಿಡುತ್ತಾರೆ.

ಸಿಮ್‌ನಲ್ಲಿ ಇದನ್ನು ತರಲು ಸುಲಭ ದಾರಿ ಒಂದು ಕೋಷ್ಟಕ. ಎತ್ತರವನ್ನು ರೆಕ್ಕೆಯ ತುದಿಯಿಂದ ತುದಿಯ ಅಳತೆಯಿಂದ ಭಾಗಿಸಿ, ಬಂದ ಸಂಖ್ಯೆಗೆ ತಕ್ಕಂತೆ ಲಿಫ್ಟನ್ನೂ ಡ್ರ್ಯಾಗನ್ನೂ ಗುಣಿಸುವುದು. ಫ್ಲೈಟ್‌ಗಿಯರ್ ಎಂಬ ಉಚಿತ ಸಿಮ್ ಬಳಸುವ ಜೆಎಸ್‌ಬಿಸಿಮ್, ಹಾರಾಟದ ಲೆಕ್ಕ ಮಾಡುವ ತಂತ್ರಾಂಶ; ಅದರ ಕೋಡ್ ಎಲ್ಲರಿಗೂ ತೆರೆದಿದೆ. ಅದರಲ್ಲಿ ಸೆಸ್ನಾ 172 ಎಂಬ ಸಣ್ಣ ವಿಮಾನದ ಕಡತ ತೆರೆದರೆ ಇಂಥ ಕೋಷ್ಟಕ ಕಣ್ಣಿಗೇ ಕಾಣುತ್ತದೆ. ಯುದ್ಧ ಸಿಮ್‌ಗಳ ಒಳಗನ್ನು ಹಾಗೆ ಸುಲಭವಾಗಿ ನೋಡಲು ಆಗಲ್ಲ, ಹಾರಿಸಿಯೇ ಊಹಿಸಬೇಕು. ಹಾಗಾಗಿ ಎಲ್ಲದಕ್ಕೂ ಒಂದೇ ಪರೀಕ್ಷೆ ಇಟ್ಟೆ. ಗಾಳಿ ಸೊನ್ನೆ, ಅರ್ಧ ಇಂಧನ, ರನ್‌ವೇ ಅಂಚಿನಲ್ಲಿ ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ಪೂರ್ತಿ ಹಿಂದಕ್ಕೆ. ಆಮೇಲೆ ಚಕ್ರ ತಾಕದಂತೆ ಎಷ್ಟು ಹೊತ್ತು ಹಿಡಿಯಬಹುದು ಅಂತ ನೋಡುವುದು.

ಮೊದಲು ಎರಡನೇ ಮಹಾಯುದ್ಧದ ಬ್ರಿಟಿಷ್ ವಿಮಾನ ಸ್ಪಿಟ್‌ಫೈರ್ 9. ಐಎಲ್-2 ಗ್ರೇಟ್ ಬ್ಯಾಟಲ್ಸ್ ಮತ್ತು ಡಿಸಿಎಸ್ ಎರಡರಲ್ಲೂ ಇದೆ, ಹಾಗಾಗಿ ಹೋಲಿಕೆ ನೇರ. ರೆಕ್ಕೆ 11.2 ಮೀಟರ್, ಅದೂ ವಿಮಾನದ ಹೊಟ್ಟೆಯ ಕೆಳಗೇ ಇದೆ. ಚಕ್ರ ಇನ್ನೇನು ತಾಕಬೇಕು ಅನ್ನುವಾಗ ರೆಕ್ಕೆ ನೆಲದಿಂದ ಹೆಚ್ಚುಕಡಿಮೆ ಒಂದು ಮೀಟರ್ ಮೇಲಿರುತ್ತದೆ. ಆ ಹತ್ತನೇ ಒಂದು ಭಾಗದ ಲೆಕ್ಕ ಇಲ್ಲಿ ಸರಿಯಾಗಿ ಕೂರುತ್ತದೆ. ಗಂಟೆಗೆ 95 ಮೈಲಿಯಲ್ಲಿ ಬಂದರೆ ಸರಿ. 110ರಲ್ಲಿ ಬಂದರೆ ವಿಮಾನ ಇಳಿಯಲು ಒಪ್ಪುವುದೇ ಇಲ್ಲ, ತೇಲುತ್ತಾ ಹೋಗುತ್ತದೆ.

ಐಎಲ್-2ನಲ್ಲಿ ಈ ತೇಲಾಟ ಚೆನ್ನಾಗಿದೆ, ಮೆತ್ತಗಿದೆ. ಎಲ್ಲಿ ಶುರುವಾಯಿತು ಅಂತ ಬೆರಳಿಗೆ ಗೊತ್ತಾಗಲ್ಲ, ನೆಲ ಓಡುವುದು ನಿಲ್ಲುತ್ತಿಲ್ಲ ಅಂತ ಕಣ್ಣಿಗೆ ಗೊತ್ತಾಗುತ್ತದೆ. ಹೊಸಬರಿಗೆ ಇದು ವರ. ಡಿಸಿಎಸ್‌ನಲ್ಲಿ ಅದೇ ವಿಮಾನ ಬೇರೆ ಜೀವಿ. ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಫಲಕ) ತುಂಬಾ ಸೂಕ್ಷ್ಮ. ಕೆಳಗೆ ಬಂದಂತೆ ಸ್ಟಿಕ್ಕನ್ನು ಇನ್ನಷ್ಟು, ಇನ್ನಷ್ಟು ಹಿಂದಕ್ಕೆ ಕೇಳುತ್ತದೆ. ಮೂತಿ ಬಾಗುವ ಆ ಮೂರನೇ ಭಾಗ ನನ್ನ ಕೈಗೆ ಸಿಕ್ಕಿದ್ದು ಇಲ್ಲೇ ಜಾಸ್ತಿ. ವೇಗ ಇಳಿಯುವುದರ ಪಾಲೂ ಅದರಲ್ಲಿ ಸೇರಿರುತ್ತದೆ, ಎರಡನ್ನೂ ಪೂರ್ತಿ ಬೇರೆ ಮಾಡುವುದು ಕಷ್ಟ. ಆದರೂ ನನ್ನ ಮತ ಡಿಸಿಎಸ್‌ಗೆ. ಸುಮ್ನೆ ಸಂಜೆ ಹಾರಲು ಕೂತರೆ ಮಾತ್ರ ಕೈ ಐಎಲ್-2 ಕಡೆಗೇ ಹೋಗುತ್ತದೆ, ಅದು ಬೇರೆ ಮಾತು.

ಜೆಟ್‌ಗೆ ಬಂದರೆ ಎಫ್-16. ಫಾಲ್ಕನ್ ಬಿಎಂಎಸ್‌ನ ಬೇರು 1998ರ ಫಾಲ್ಕನ್ 4.0ನಲ್ಲಿದೆ. ಹಳೆಯದು ಅಂತ ಮೂಗು ಮುರಿಯಬೇಡಿ. ಈ ವಿಮಾನ ಇಳಿಯುವುದೇ 11ರಿಂದ 13 ಡಿಗ್ರಿ ಕೋನದಲ್ಲಿ ಮೂತಿ ಎತ್ತಿಕೊಂಡು. ಸಣ್ಣ ರೆಕ್ಕೆ, ದೊಡ್ಡ ಕೋನ ಅಂದರೆ ಡ್ರ್ಯಾಗ್‌ನಲ್ಲಿ ಇಂಡ್ಯೂಸ್ಡ್ ಪಾಲೇ ಬಹಳ. ನೆಲ ಅದನ್ನು ಕಿತ್ತುಕೊಂಡರೆ ವೇಗ ಇಳಿಯುವುದೇ ಇಲ್ಲ. ಬಿಎಂಎಸ್‌ನಲ್ಲಿ ನನಗೆ ಹಿಡಿಸಿದ್ದು ಅದರ ಶಿಸ್ತು. ಅಂಚಿನಲ್ಲಿ ವೇಗ ಹತ್ತು ನಾಟ್ (ಗಂಟೆಗೆ ಸುಮಾರು 18 ಕಿ.ಮೀ.) ಹೆಚ್ಚಿದ್ದರೆ ಇಷ್ಟು ದೂರ ತೇಲುತ್ತದೆ ಅಂತ ಮೊದಲೇ ಹೇಳಬಹುದು, ಹಾಗೇ ಆಗುತ್ತದೆ. ಡಿಸಿಎಸ್‌ನ ಎಫ್-16 ಕೂಡ ತೇಲುತ್ತದೆ, ಆದರೆ ಕೊನೆಯ ಕ್ಷಣದಲ್ಲಿ ನನ್ನ ಕೈಗೆ ಅಷ್ಟು ಭರವಸೆ ಬರಲಿಲ್ಲ. ಇಲ್ಲಿ ಬಿಎಂಎಸ್ ಒಂದು ಕೂದಲೆಳೆ ಮುಂದೆ.

ಮೂತಿ ಬಾಗುವುದನ್ನು ಎಫ್-16ನಲ್ಲಿ ಹುಡುಕಬೇಡಿ. ಸ್ಟಿಕ್ ಮತ್ತು ರೆಕ್ಕೆಯ ನಡುವೆ ಕಂಪ್ಯೂಟರ್ ಕೂತಿದೆ, ಅದೇ ಸರಿಮಾಡಿಬಿಡುತ್ತದೆ. ಡಿಸಿಎಸ್‌ನ ಹಾರ್ನೆಟ್ ಜೆಟ್ ಈ ಪರೀಕ್ಷೆಗೆ ಇನ್ನೂ ಕಡಿಮೆ ಹೊಂದುತ್ತದೆ. ಹಡಗಿನ ಮೇಲೆ ಇಳಿಯಲೆಂದೇ ಮಾಡಿದ ವಿಮಾನ, ಫ್ಲೇರ್ (ಕೊನೆಗೆ ಮೂತಿ ಎತ್ತಿ ಇಳಿತ ಮೆತ್ತಗಾಗಿಸುವುದು) ಇಲ್ಲದೆ ದಡ್ ಅಂತ ಕೂರುತ್ತದೆ. ನೆಲದ ಮೆತ್ತೆ ಸಿಗುವ ಹೊತ್ತಿಗೆ ಆಟ ಮುಗಿದಿರುತ್ತದೆ.

ಡೆಲ್ಟಾ, ಅಂದರೆ ತ್ರಿಕೋನ ರೆಕ್ಕೆಯ ಮಜಾ ಬೇಕಿದ್ದರೆ ಡಿಸಿಎಸ್‌ನ ಮಿರಾಜ್ 2000. ಯಲಹಂಕದ ಏರೋ ಇಂಡಿಯಾದಲ್ಲಿ ತೇಜಸ್ ಮೂತಿ ಎತ್ತಿಕೊಂಡು ಬರುವುದನ್ನು ನೋಡಿದ್ದೀರಲ್ವಾ, ಅದೇ ಭಂಗಿ.

ಹೆಲಿಕಾಪ್ಟರ್‌ನಲ್ಲಿ ಡಿಸಿಎಸ್‌ಗೆ ಇಲ್ಲಿ ಎದುರಾಳಿಯೇ ಇಲ್ಲ. ಯುಎಚ್-1 ಹ್ಯೂಯಿಯ ರೋಟರ್ 14.6 ಮೀಟರ್. ಸುಮಾರು ಅಷ್ಟು ಎತ್ತರದವರೆಗೆ ನೆಲದ ಸಹಾಯ ಇರುತ್ತದೆ, ಕೆಳಗೆ ಬಂದಷ್ಟೂ ಜಾಸ್ತಿ. ಬೇಸಿಗೆಯ ಮಧ್ಯಾಹ್ನ, ಕಾಕಸಸ್ ಬೆಟ್ಟದ ಮೇಲೆ, ಪೂರ್ತಿ ಭಾರ ತುಂಬಿ ನೋಡಿ. ಆಳೆತ್ತರದಲ್ಲಿ ಹ್ಯೂಯಿ ನಿಲ್ಲುತ್ತದೆ. ಕಲೆಕ್ಟಿವ್ (ಹೆಲಿಕಾಪ್ಟರನ್ನು ಮೇಲೇರಿಸುವ ಹಿಡಿ) ಇನ್ನಷ್ಟು ಎಳೆದು ಮೇಲೇರಲು ಹೋದರೆ ರೋಟರ್ ವೇಗ ಬಿದ್ದು, ಎಚ್ಚರಿಕೆಯ ಸದ್ದು ಬಂದು, ಮತ್ತೆ ಕೆಳಗೇ. ಹೊರಡಬೇಕಾದರೆ ನೆಲಕ್ಕೆ ಅಂಟಿಕೊಂಡೇ ಮುಂದೆ ಜಾರಬೇಕು. ಹದಿನೈದು ಇಪ್ಪತ್ತು ನಾಟ್ ವೇಗ ಬಂದ ಮೇಲೆ ರೋಟರ್‌ಗೆ ಹೊಸ ಗಾಳಿ ಸಿಕ್ಕಿ ಅದು ತಾನಾಗಿ ಎದ್ದು ಬರುತ್ತದೆ. ಇಡೀ ಹೋಲಿಕೆಯಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದೇ.

ವಾರ್ ಥಂಡರ್ ಎಂಬ ಇನ್ನೊಂದು ಯುದ್ಧದ ಆಟ? ಮೌಸ್ ಹಿಡಿದು ಇಳಿಸಿದರೆ ಇದ್ಯಾವುದೂ ತಿಳಿಯುವುದಿಲ್ಲ, ಸ್ಟಿಕ್ಕನ್ನು ಆಟವೇ ಸರಿಮಾಡುತ್ತದೆ. ಜಾಯ್‌ಸ್ಟಿಕ್ ಇದ್ದರೆ ಅದರ ಸಿಮ್ಯುಲೇಟರ್ ಬ್ಯಾಟಲ್ ಎಂಬ ವಿಧಾನದಲ್ಲಿ ನೋಡಿ.

ನೀವೂ ಪರೀಕ್ಷಿಸುವುದಾದರೆ ಮೊದಲು ಜಾಯ್‌ಸ್ಟಿಕ್‌ನ ಪಿಚ್ ಕರ್ವ್ (ಸ್ಟಿಕ್ ಎಷ್ಟು ಎಳೆದರೆ ಮೂತಿ ಎಷ್ಟು ಸ್ಪಂದಿಸಬೇಕೆಂಬ ಸೆಟ್ಟಿಂಗ್) ಎಲ್ಲ ಸಿಮ್‌ಗಳಲ್ಲೂ ಒಂದೇ ಇಡಿ. ಅದು ಬೇರೆ ಬೇರೆ ಇದ್ದರೆ ನೀವು ಹೋಲಿಸುವುದು ಕರ್ವ್‌ಗಳನ್ನು, ಗ್ರೌಂಡ್ ಎಫೆಕ್ಟ್ ಅನ್ನಲ್ಲ.