ಕುದುರೆಯ ಎದೆಬಡಿತ ಎಣಿಸಲು ಬೆರಳು ಸಾಕೇ, ಬೆಲ್ಟು ಬೇಕೇ?

ಕುದುರೆಯ ಎದೆಬಡಿತ ನೋಡಲು ನಾನು ನಾಲ್ಕು ದಾರಿ ಬಳಸಿದ್ದೇನೆ. ದವಡೆ ಕೆಳಗೆ ಬೆರಳಿಟ್ಟು ನಾಡಿ ಹಿಡಿಯುವುದು, ಸ್ಟೆತಸ್ಕೋಪ್, ಜೀನಿನಡಿ ಕಟ್ಟುವ ಎಲೆಕ್ಟ್ರೋಡ್ ಬೆಲ್ಟು, ಫೋನಿಗೆ ಹೊಂದುವ ಪುಟ್ಟ ಇಸಿಜಿ. ಒಂದೇ ಇಟ್ಟುಕೊಳ್ಳಿ ಅಂದರೆ ನಾನು ಸ್ಟೆತಸ್ಕೋಪ್ ಇಟ್ಟುಕೊಳ್ಳುತ್ತೇನೆ. ದುಡ್ಡು ಸುರಿದು ಬೆಲ್ಟು ತಂದವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ.

ಮೊದಲು ಲೆಕ್ಕ ತಿಳಿದಿರಲಿ. ಬೆಳೆದ ಕುದುರೆ ಸುಮ್ನೆ ನಿಂತಿದ್ದಾಗ ನಿಮಿಷಕ್ಕೆ 28ರಿಂದ 44 ಬಡಿತ. ಹೃದಯವೇ ಮೈತೂಕದ ಶೇಕಡಾ 1ರ ಹತ್ತಿರ ಇರುತ್ತದೆ. ಅಂದರೆ 500 ಕೆಜಿ ಕುದುರೆಗೆ ನಾಲ್ಕೈದು ಕೆಜಿ ಹೃದಯ. ಒಂದೊಂದು ಬಡಿತಕ್ಕೂ ಅಷ್ಟು ರಕ್ತ ತಳ್ಳುವಾಗ ಅವಸರ ಯಾಕೆ, ಅಲ್ವಾ? ಅದೇ ಹೃದಯ ನಾಗಾಲೋಟದಲ್ಲಿ 220, 240ರವರೆಗೂ ಹೋಗುತ್ತದೆ. ನಮ್ಮದು ಎಷ್ಟೇ ಓಡಿದರೂ ಮೂರು ಪಟ್ಟು ಏರೀತು, ಅದರದ್ದು ಏಳು ಪಟ್ಟು. ಮರಿಗಳಿಗೆ ಈ ಲೆಕ್ಕ ಬೇಡ. ಹುಟ್ಟಿದ ಮೊದಲ ದಿನಗಳಲ್ಲಿ 80, 100 ಇದ್ದರೂ ಗಾಬರಿ ಆಗಬೇಕಿಲ್ಲ.

ಬೆರಳಿಗೆ ಖರ್ಚಿಲ್ಲ, ಬ್ಯಾಟರಿ ಬೇಡ. ಕೆಳದವಡೆಯ ಮೂಳೆಯ ಒಳಅಂಚಿನಲ್ಲಿ, ಕೆನ್ನೆಯ ದೊಡ್ಡ ಸ್ನಾಯು ಮುಗಿಯುವ ಕಡೆ, ಎರಡು ಬೆರಳು ಆಡಿಸಿದರೆ ರಕ್ತನಾಳ ಲಾಡಿಯ ಹಾಗೆ ಚರ್ಮದಡಿ ಸರಿದಾಡುತ್ತದೆ. ಅದನ್ನು ಮೂಳೆಗೆ ಮೆತ್ತಗೆ ಒತ್ತಿ ಕಾಯಬೇಕು. ಜಾಸ್ತಿ ಒತ್ತಿದರೆ ನಾಡಿ ಮಾಯ. ಹೆಬ್ಬೆರಳು ಬೇಡ, ಅದರಲ್ಲಿ ನಮ್ಮದೇ ನಾಡಿ ಸಿಕ್ಕಿಬಿಡಬಹುದು. ತೊಂದರೆ ಏನೆಂದರೆ ಕುದುರೆ ಮೇವು ಅಗಿಯುತ್ತಿದ್ದರೆ, ತಲೆ ಕೊಡವುತ್ತಿದ್ದರೆ ಎಣಿಕೆ ತಪ್ಪುತ್ತದೆ. ನಿಂತ ಕುದುರೆಯ ನಾಡಿ ನಿಧಾನವಾದ್ದರಿಂದ ಎರಡು ಬಡಿತದ ನಡುವೆ 'ಬೆರಳು ಜಾರಿತೇನೋ' ಅನ್ನೋ ಅನುಮಾನ ಬೇರೆ.

ಆದರೆ ಒಂದು ಕೆಲಸಕ್ಕೆ ಬೆರಳನ್ನು ಬಿಟ್ಟರೆ ಗತಿಯಿಲ್ಲ. ಗೊರಸಿನ ಮೇಲಿನ ಗೆಣ್ಣಿನ ಹಿಂಬದಿಯ ಪಕ್ಕದಲ್ಲಿ ಮುಟ್ಟಿ ನೋಡುವ ನಾಡಿ ಅದು. ಅಲ್ಲಿ ಎಷ್ಟು ಬಡಿತ ಅನ್ನುವುದಕ್ಕಿಂತ ಎಷ್ಟು ಜೋರು ಅನ್ನುವುದು ಮುಖ್ಯ. ಆರೋಗ್ಯವಾಗಿದ್ದಾಗ ಹುಡುಕಿ ಹಿಡಿಯಬೇಕಾದ ನಾಡಿ, ಗೊರಸಿನೊಳಗೆ ಉರಿಯೂತ ಆದಾಗ ಬೆರಳಿಟ್ಟ ಕೂಡಲೇ ಕುಟ್ಟುತ್ತದೆ. ಇದನ್ನು ಯಾವ ಬೆಲ್ಟೂ ಹೇಳುವುದಿಲ್ಲ.

ಇನ್ನು ಸ್ಟೆತಸ್ಕೋಪ್. ಎಡ ಮುಂಗಾಲಿನ ಮೊಣಕೈ ಹಿಂದೆ ಇಟ್ಟು, ಕಂಕುಳಿನ ಕಡೆಗೆ ಸ್ವಲ್ಪ ಮುಂದಕ್ಕೆ ತಳ್ಳಬೇಕು. ಆ ಕಾಲು ಅರ್ಧ ಹೆಜ್ಜೆ ಮುಂದಿದ್ದರೆ ಜಾಗ ಸಲೀಸಾಗಿ ಸಿಗುತ್ತದೆ. ಮೊದಲು ಉಸಿರು ಕೇಳುತ್ತದೆ, ಕರುಳಿನ ಗುಡುಗುಡು ಕೇಳುತ್ತದೆ. ಆಮೇಲೆ ಆಳದಿಂದ 'ಲಬ್-ಡಬ್'. ಈ ಎರಡೂ ಸೇರಿ ಒಂದು ಬಡಿತ. ಬೇರೆ ಬೇರೆ ಎಣಿಸಿದರೆ 36 ಇದ್ದದ್ದು 72 ಆಗಿ ಕೂರುತ್ತದೆ. ಹೊಟ್ಟೆನೋವಿನ ಕುದುರೆ ಎದುರಿಗಿದ್ದಾಗ ಈ ವ್ಯತ್ಯಾಸ ಸಣ್ಣದಲ್ಲ. ಅಲ್ಲಿ 48 ದಾಟಿದರೇ ಯೋಚನೆ ಶುರು. 60 ದಾಟಿ ಇಳಿಯದಿದ್ದರೆ ಪಶುವೈದ್ಯರು ದಾರಿಯಲ್ಲಿರಬೇಕು.

ಎಷ್ಟು ಹೊತ್ತು ಎಣಿಸಬೇಕು? 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ರೂಢಿ. ನಿಂತ ಕುದುರೆಗೆ ಇದು ಒರಟು ಲೆಕ್ಕ. 8 ಕೇಳಿದರೆ 32, 9 ಕೇಳಿದರೆ 36. ನಾನು ಪೂರ್ತಿ ನಿಮಿಷ ಎಣಿಸುತ್ತೇನೆ. ಹಾಗೆ ಕೇಳುತ್ತಾ ನಿಂತಾಗಲೇ ಲಯ ಕಿವಿಗೆ ಬೀಳುವುದು. ನಾನು ನೋಡಿಕೊಳ್ಳುವ ಒಂದು ಹೆಣ್ಣು ಕುದುರೆಗೆ ಲಬ್-ಡಬ್, ಲಬ್-ಡಬ್, ಲಬ್-ಡಬ್ ಆಗಿ ಒಂದು ಬಡಿತದಷ್ಟು ಹೊತ್ತು ಮೌನ. ಮತ್ತೆ ಅದೇ ಸರಣಿ. ಚೆನ್ನಾಗಿ ಪಳಗಿದ ಕುದುರೆಗಳಲ್ಲಿ ಇದು ಮಾಮೂಲು. ಹೃದಯದ ಮೇಲಿನ ಕೋಣೆ ಹೊರಡಿಸಿದ ಬಡಿತದ ಸಂಕೇತವನ್ನು ನಡುವೆ ತಡೆದು ಹೃದಯ ಬಿಡುವು ತೆಗೆದುಕೊಳ್ಳುತ್ತದೆ. ಗಮನವಿಟ್ಟು ಕೇಳಿದರೆ ಆ ಮೌನದೊಳಗೆ ಮೇಲಿನ ಕೋಣೆ ಮಾತ್ರ ಮಿಡಿದ ಸಣ್ಣ ಸದ್ದು ಸಿಗುತ್ತದೆ. ನಾಲ್ಕು ಹೆಜ್ಜೆ ಟ್ರಾಟ್, ಅಂದರೆ ಕುಕ್ಕುಲೋಟ, ಮಾಡಿಸಿ ಕೇಳಿ, ಬಡಿತ ಏರಿದ ಮೇಲೆ ಬಿಡುವು ಇರಬಾರದು. ಹಾಗಲ್ಲದೆ ಬಡಿತಗಳು ಹೇಗೆಂದರೆ ಹಾಗೆ, ಯಾವ ವರಸೆಯೂ ಇಲ್ಲದೆ ಬರುತ್ತಿದ್ದರೆ ಮಾತು ಬೇರೆ. ಅದು ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಮೇಲಿನ ಕೋಣೆ ಲಯ ತಪ್ಪಿ ಅದುರುವ ತೊಂದರೆ, ಇರಬಹುದು. ವೈದ್ಯರೇ ನೋಡಬೇಕು. ಬೆಲ್ಟಿನ ಪರದೆ ಎರಡೂ ಕುದುರೆಗೆ '34' ಅಂತ ತೋರಿಸಿ ಸುಮ್ಮನಾಗಬಹುದು.

ಎಣಿಸುವಾಗ ಮುದ್ದು ಬೇಡ. ಕುತ್ತಿಗೆ ಬೆನ್ನಿಗೆ ಸೇರುವ ದಿಬ್ಬದ ಹತ್ತಿರ ತುರಿಸಿದರೆ ಕುದುರೆಯ ಬಡಿತ ಇಳಿಯುತ್ತದೆ. ಫ್ರಾನ್ಸಿನ ಕಮಾರ್ಗ್ ತಳಿಯ ಕುದುರೆಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿದೆ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗವೂ ಅದೇ. ಗಾಬರಿಯಾದ ಕುದುರೆಯನ್ನು ಮೊದಲು ತುರಿಸಿ ಸಮಾಧಾನ ಮಾಡಿ, ಕೈ ತೆಗೆದು, ಆಮೇಲೆ ಎಣಿಸಿ.

ಬೆಲ್ಟು ಗೆಲ್ಲುವುದು ಕುದುರೆ ಓಡುವಾಗ. ಅಲ್ಲಿ ಬೆರಳು, ಕಿವಿ ಎರಡೂ ಸೋತವು. ಒಂದು ಎಲೆಕ್ಟ್ರೋಡ್ ಎಡಗಡೆ, ಜೀನು ಬಿಗಿಯುವ ಹೊಟ್ಟೆಪಟ್ಟಿಯ ಕೆಳಗೆ, ಇನ್ನೊಂದು ಜೀನಿನಡಿ ಬೆನ್ನಿನ ಬಲಕ್ಕೆ. ಕೂದಲು ತೊಪ್ಪೆಯಾಗುವಷ್ಟು ನೀರು ಅಥವಾ ಜೆಲ್ ಬೇಕು. ಒಣಗಿದ್ದರೆ ಒಮ್ಮೆ ಸೊನ್ನೆ, ಒಮ್ಮೆ 230. ಬೆವರು ಬಂದ ಮೇಲೆ ಯಂತ್ರ ತಾನಾಗಿ ಸರಿಹೋಗುವುದೂ ಉಂಟು. ಮನುಷ್ಯರ ಎದೆಪಟ್ಟಿಯನ್ನೂ ಕಟ್ಟಿ ನೋಡಿದೆ. ನಡೆಯುತ್ತದೆ, ಆದರೆ ಕುದುರೆಯ ಇಸಿಜಿಯಲ್ಲಿ ಪ್ರತಿ ಬಡಿತದ ಕೊನೆಗೆ ಬರುವ ಟಿ ಅಲೆ ದೊಡ್ಡದು. ಯಂತ್ರ ಅದನ್ನೂ ಬಡಿತ ಅಂದುಕೊಂಡು ಎರಡರಷ್ಟು ತೋರಿಸಿಬಿಡಬಹುದು. ಅನುಮಾನ ಬಂದರೆ ಕುದುರೆ ನಿಲ್ಲಿಸಿ ಸ್ಟೆತಸ್ಕೋಪ್ ಇಟ್ಟು ತಾಳೆ ನೋಡುವುದೇ ದಾರಿ. ಹೊಟ್ಟೆಪಟ್ಟಿ ಸಡಿಲ ಮಾಡದೆ ಕೇಳುವುದು ಪೇಚಾಟ ಅನ್ನೋದು ಬೇರೆ ಮಾತು.

ಸರಿಯಾಗಿ ಕೂತ ಬೆಲ್ಟು ಮಾತ್ರ ಬೇರೆಲ್ಲೂ ಸಿಗದ್ದನ್ನು ಕೊಡುತ್ತದೆ. ಅದೇ ದಾರಿ, ಅದೇ ವೇಗ, ಆದರೆ ಬಡಿತ ಎಂದಿಗಿಂತ 20 ಜಾಸ್ತಿ ಅಂದರೆ ಏನೋ ಇದೆ. ಸೆಕೆ ಇರಬಹುದು, ನೀರು ಸಾಲದೆ ಇರಬಹುದು, ಎಲ್ಲೋ ನೋವಿರಬಹುದು.

ದೂರದೋಟದವರು ಮಾಡುವ ರಿಡ್ಜ್‌ವೇ ಪರೀಕ್ಷೆಯಲ್ಲೂ ನನಗೆ ಬೆಲ್ಟೇ ಮೇಲು ಅನ್ನಿಸಿತು. ಬಡಿತ ನೋಡಿ, ಸುಮಾರು 38 ಮೀಟರ್ ಟ್ರಾಟ್ ಮಾಡಿಸಿ ವಾಪಸು ತಂದು, ಹೊರಟ ಗಳಿಗೆಯಿಂದ ಒಂದು ನಿಮಿಷಕ್ಕೆ ಮತ್ತೆ ನೋಡಬೇಕು. 60 ಇದ್ದದ್ದು 60ರಲ್ಲೇ ಇದ್ದರೆ ಅಥವಾ ಇಳಿದಿದ್ದರೆ ಒಳ್ಳೆಯದು. 64 ಆದರೆ ದಣಿವಿನ ಸೂಚನೆ. ಈ ನಾಲ್ಕರ ವ್ಯತ್ಯಾಸ 15 ಸೆಕೆಂಡಿನ ಎಣಿಕೆಯಲ್ಲಿ ಬರೀ ಒಂದು ಬಡಿತ! ಕಿವಿಯನ್ನು ನಂಬಿ ಅಷ್ಟು ನಾಜೂಕಾದ ತೀರ್ಮಾನ ಮಾಡಲು ನನಗೆ ಧೈರ್ಯ ಸಾಲದು.

ಫೋನಿನ ಇಸಿಜಿ ಎಣಿಕೆಗಲ್ಲ. ಮೊಣಕೈ ಹಿಂದೆ ಕೂದಲು ಒದ್ದೆ ಮಾಡಿ ಒತ್ತಿ ಹಿಡಿದರೆ ಅರ್ಧ ನಿಮಿಷದ ಗೆರೆ ಸಿಗುತ್ತದೆ. ಅದರ ಕೆಳಗೆ ಆ್ಯಪ್ ಬರೆಯುವ ತೀರ್ಪು ಮನುಷ್ಯರ ಹೃದಯಕ್ಕೆ ಲೆಕ್ಕ ಹಾಕಿದ್ದು, ಓದದಿದ್ದರೆ ಒಳ್ಳೆಯದು. ಲಯ ತಪ್ಪಿದೆ ಅಂತ ಸ್ಟೆತಸ್ಕೋಪ್‌ನಲ್ಲಿ ಕೇಳಿದಾಗ ಮಾತ್ರ ಇದನ್ನು ಹೊರಗೆ ತೆಗೆಯುತ್ತೇನೆ. ಗೆರೆಯನ್ನು ವೈದ್ಯರಿಗೆ ಕಳಿಸುವಾಗ ಆಗ ಕುದುರೆ ಸುಮ್ನೆ ನಿಂತಿತ್ತೋ, ಓಡಿ ಬಂದಿತ್ತೋ ಅನ್ನುವುದನ್ನೂ ಬರೆದು ಕಳಿಸಿ. ಅವರು ಮೊದಲು ಕೇಳುವುದು ಅದನ್ನೇ.