ಪೆನ್ನಿಗೆ ಅಕ್ಷರ, ಮೌಸಿಗೆ ಎಳೆ ಎಣಿಕೆ: ಡಿಟಿಪಿ ಮೇಜಿನ ಮೇಲೆ ಎರಡನ್ನೂ ಇಟ್ಟು ನೋಡಿದಾಗ

ಲಗ್ನಪತ್ರಿಕೆಯ ಮೇಲೆ ‘ಶುಭವಿವಾಹ’ ಅನ್ನುವುದು ಫಾಂಟಿನಲ್ಲಿ ಬೇಡ, ಕೈಬರಹದಲ್ಲೇ ಬೇಕು ಎಂದು ಗಿರಾಕಿ ಕೇಳಿದಾಗ ಮೌಸಿನ ಮಿತಿ ಗೊತ್ತಾಗುತ್ತದೆ. ‘ಶು’ವಿನ ಹೊಟ್ಟೆ ಮೂಲೆ ಮೂಲೆಯಾಗಿ ಬರುತ್ತದೆ, ‘ವಿ’ಯ ಗುಡಿಸು ನಡುಗುತ್ತದೆ. ಅದೇ ಪತ್ರಿಕೆಯ ಒಳಪುಟದಲ್ಲಿ ಮುಹೂರ್ತ, ಸ್ಥಳ, ಆಮಂತ್ರಿಸುವವರ ಹೆಸರುಗಳನ್ನು ಸಾಲಾಗಿ ಕೂರಿಸಲು ಹೊರಟರೆ ತೊಂದರೆ ಕೊಡುವುದು ಪೆನ್, ಎಂದರೆ ಕಂಪ್ಯೂಟರಿಗೆ ಜೋಡಿಸಿದ ಟ್ಯಾಬ್ಲೆಟ್ ಎಂಬ ಹಲಗೆಯ ಮೇಲೆ ಬರೆಯುವ ಪೆನ್. ಹುಬ್ಬಳ್ಳಿಯ ಫ್ಲೆಕ್ಸ್ ಅಂಗಡಿ, ಗದಗಿನ ಮುದ್ರಣಾಲಯ, ಬ್ಯಾಡಗಿ ಮೆಣಸಿನಪುಡಿಯ ಪಾಕೀಟಿಗೆ ಲೇಬಲ್ ಮಾಡುವ ಹಾವೇರಿಯ ಡಿಟಿಪಿ ಮೇಜು, ಎಲ್ಲಿಯೂ ಒಬ್ಬನೇ ಮನುಷ್ಯ ಒಂದೇ ದಿನ ಈ ಎರಡೂ ಬಗೆಯ ಕೆಲಸ ಮಾಡುತ್ತಾನೆ. ಆದ್ದರಿಂದ ಯಾವುದು ಉತ್ತಮ ಎಂದು ಕೇಳುವ ಬದಲು ಯಾವ ಕೆಲಸಕ್ಕೆ ಯಾವುದನ್ನು ಕೈಗೆತ್ತಿಕೊಳ್ಳಬೇಕು ಎಂದು ಕೇಳಬೇಕು.

ಇಲ್ಲಿ ಪಕ್ಕಪಕ್ಕ ಇಟ್ಟು ನೋಡಿದ್ದು ಮೂರನ್ನು: ಸಾಮಾನ್ಯ ಯುಎಸ್‌ಬಿ ಮೌಸ್, 152 × 95 ಮಿಲಿಮೀಟರ್ ಬರೆಯುವ ಜಾಗವಿರುವ ಸಣ್ಣ ಟ್ಯಾಬ್ಲೆಟ್ (ವೇಕಾಮ್‌ನ ಸಣ್ಣ ಮಾದರಿಗಳ ಅಳತೆ ಇದು), ಮತ್ತು 10 × 6.25 ಇಂಚಿನ, ಎಂದರೆ ಸುಮಾರು 254 × 159 ಮಿಲಿಮೀಟರಿನ ಮಧ್ಯಮ ಟ್ಯಾಬ್ಲೆಟ್ (ಹ್ಯೂಯಾನ್, ಎಕ್ಸ್‌ಪಿ-ಪೆನ್ ಕಂಪನಿಗಳಲ್ಲಿ ಈ ಅಳತೆ ಸಾಮಾನ್ಯ). ಪರದೆಯ ಮೇಲೆಯೇ ಬರೆಯುವ ಪೆನ್ ಡಿಸ್‌ಪ್ಲೇ ಚಿತ್ರಕಾರರಿಗೆ ಚೊಲೊ. ಮುದ್ರಣದ ಮೇಜಿಗೆ ಅದರ ಕೇಬಲ್ಲು ಹೆಚ್ಚು, ಬಗ್ಗಿದ ಕತ್ತಿಗೆ ನೋವೂ ಹೆಚ್ಚು. ಅದನ್ನು ಇಲ್ಲಿಗೇ ಬಿಡೋಣ.

ಮೊದಲ ದಿನವೇ ಕೆಡುವುದು ಅನುಪಾತ

ಟ್ಯಾಬ್ಲೆಟ್ ತಂದು ಒಂದು ವಾರದಲ್ಲಿ ಮೂಲೆಗೆ ಹಾಕುವವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ, ಕೈಯ ಕೌಶಲದಲ್ಲಲ್ಲ. ಮೌಸ್ ಹೇಳುವುದು ‘ಇಷ್ಟು ದೂರ ಜರುಗು’ ಎಂದು ಮಾತ್ರ. ಎತ್ತಿ ಬೇರೆಡೆ ಇಟ್ಟರೂ ಬಾಣದ ಗುರುತು ನಿಂತಲ್ಲೇ ನಿಲ್ಲುತ್ತದೆ. ಟ್ಯಾಬ್ಲೆಟ್ಟಿನ ಪ್ರತಿ ಬಿಂದುವಿಗೂ ಪರದೆಯ ಮೇಲೆ ಒಂದು ನಿಶ್ಚಿತ ಬಿಂದುವಿದೆ. ಹಾಗಾಗಿ ಎರಡರ ಉದ್ದ ಅಗಲದ ಅನುಪಾತ ಹೊಂದದಿದ್ದರೆ ಕೈ ಬರೆದದ್ದೇ ಒಂದು, ಪರದೆ ತೋರಿಸುವುದೇ ಇನ್ನೊಂದು.

ಲೆಕ್ಕ ನೋಡಿ. 152 × 95ರ ಟ್ಯಾಬ್ಲೆಟ್ 16:10 ಅನುಪಾತದ್ದು. ಈಗಿನ 1920 × 1080 ಮಾನಿಟರ್ 16:9. ಹಾಗೆಯೇ ಜೋಡಿಸಿದರೆ ಅಡ್ಡಕ್ಕೆ ಒಂದು ಮಿಲಿಮೀಟರಿಗೆ 12.6 ಪಿಕ್ಸೆಲ್, ಉದ್ದಕ್ಕೆ 11.4 ಪಿಕ್ಸೆಲ್. ಕೈ ದುಂಡಗೆ ತಿರುಗಿದರೂ ಪರದೆಯ ಮೇಲೆ ಅಡ್ಡಡ್ಡ ಮೊಟ್ಟೆ ಬೀಳುತ್ತದೆ. ಹಳೆಯ 17 ಇಂಚಿನ ಚೌಕ ಮಾನಿಟರ್, ಎಂದರೆ 1280 × 1024, ಇನ್ನೂ ಎಷ್ಟೋ ಅಂಗಡಿಗಳಲ್ಲಿದೆ. ಅದರಲ್ಲಿ ವಕ್ರತೆ ಇನ್ನೂ ಜಾಸ್ತಿ: ಉದ್ದಕ್ಕೆ ಶೇ. 28ರಷ್ಟು ಎಳೆದ ಅಕ್ಷರ. ಕನ್ನಡದ ಅಕ್ಷರಗಳು ಹೆಚ್ಚಾಗಿ ದುಂಡು ತಿರುವುಗಳಿಂದಲೇ ಕಟ್ಟಿದವು. ಈ ತಪ್ಪು ‘ಠ’, ‘ರ’, ‘ದ’ಗಳಲ್ಲಿ ತಕ್ಷಣ ಕಣ್ಣಿಗೆ ಹೊಡೆಯುತ್ತದೆ.

ಪರಿಹಾರ ಡ್ರೈವರ್‌ನಲ್ಲೇ (ಟ್ಯಾಬ್ಲೆಟ್ ನಡೆಸುವ ತಂತ್ರಾಂಶದಲ್ಲೇ) ಇದೆ. ಮ್ಯಾಪಿಂಗ್ ಪುಟದಲ್ಲಿ ಅನುಪಾತ ಕಾಯ್ದುಕೊಳ್ಳುವ ಆಯ್ಕೆಗೆ ಟಿಕ್ ಹಾಕಿ (ವೇಕಾಮ್‌ನಲ್ಲಿ ಅದರ ಹೆಸರು ಫೋರ್ಸ್ ಪ್ರಪೋರ್ಷನ್ಸ್). ಅಗಲ ಪರದೆಗೆ 95ರಲ್ಲಿ 85.5 ಮಿಲಿಮೀಟರ್ ಎತ್ತರ ಉಳಿಯುತ್ತದೆ. ಕೆಳಗಿನ ಒಂದು ಬೆರಳಗಲದಷ್ಟು ಹೋದರೆ ನಷ್ಟವೇನಿಲ್ಲ. ಚೌಕ ಮಾನಿಟರಿಗೆ ಮಾತ್ರ 152ರಲ್ಲಿ 119 ಮಿಲಿಮೀಟರ್ ಅಗಲ ಉಳಿಯುತ್ತದೆ. ಅಂಥ ಮಾನಿಟರ್ ಇರುವವರು ಸಣ್ಣ ಟ್ಯಾಬ್ಲೆಟ್ ಕೊಳ್ಳದಿರುವುದೇ ಲೇಸು. ಎರಡು ಮಾನಿಟರ್ ಇದ್ದರೆ ಕೆಲಸ ಮಾಡುವ ಒಂದಕ್ಕೆ ಮಾತ್ರ ಮ್ಯಾಪ್ ಮಾಡಬೇಕು. ಇಲ್ಲದಿದ್ದರೆ ಬರೆಯುವ ಜಾಗ ಅರ್ಧಕ್ಕಿಳಿಯುತ್ತದೆ.

ಡ್ರೈವರ್‌ನಲ್ಲಿ ‘ಮೌಸ್ ಮೋಡ್’ ಎಂಬ ಇನ್ನೊಂದು ಆಯ್ಕೆ ಇದೆ. ಹೊಸಬರಿಗೆ ಅದು ಆಪ್ತ ಅನಿಸುತ್ತದೆ, ಪೆನ್ ಮೌಸಿನ ಹಾಗೆಯೇ ನಡೆಯುತ್ತದೆ. ಅದನ್ನು ಮುಟ್ಟಬೇಡಿ. ಕಣ್ಣು ಪರದೆಯ ಮೇಲೆ, ಕೈ ಮೇಜಿನ ಮೇಲೆ ಎಂಬ ಹೊಂದಾಣಿಕೆ ಕೂಡಿಬರುವುದು ‘ಪೆನ್ ಮೋಡ್’ನಲ್ಲಿ ಮಾತ್ರ.

ಎರಡನೆಯ ತೊಡಕು ವಿಂಡೋಸ್‌ನದು. ಪೆನ್ ಊರಿದ ಕೂಡಲೇ ಸುತ್ತ ಉಂಗುರದಂಥ ಗುರುತು ಮೂಡಿ, ಗೆರೆ ಒಂದು ಕ್ಷಣ ತಡವಾಗಿ ಹೊರಟರೆ, ಅದು ಒತ್ತಿ ಹಿಡಿದರೆ ರೈಟ್ ಕ್ಲಿಕ್ ಆಗುವ ಸೌಲಭ್ಯದ ಕಾಟ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪೆನ್ ಅಂಡ್ ಟಚ್ ತೆರೆದು, ಪ್ರೆಸ್ ಅಂಡ್ ಹೋಲ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಟಿಕ್ ತೆಗೆಯಿರಿ. ಡ್ರೈವರ್‌ನಲ್ಲಿ ವಿಂಡೋಸ್ ಇಂಕ್ (ಪೆನ್ನಿಗೆಂದು ವಿಂಡೋಸ್‌ನಲ್ಲೇ ಇರುವ ಸೌಲಭ್ಯ) ಬಂದ್ ಮಾಡಿದರೆ ಫೋಟೋಶಾಪ್‌ನಲ್ಲಿ ಒತ್ತಡವೇ, ಎಂದರೆ ಪೆನ್ ಎಷ್ಟು ಒತ್ತಿದ್ದೀರಿ ಎಂಬ ಲೆಕ್ಕವೇ, ಸಿಗದೆ ಹೋಗಬಹುದು. ಬ್ರಶ್ ಸೆಟ್ಟಿಂಗ್ಸ್‌ನ ಶೇಪ್ ಡೈನಾಮಿಕ್ಸ್‌ನಲ್ಲಿ ಪೆನ್ ಪ್ರೆಶರ್ ಆರಿಸಿದಾಗ ಪಕ್ಕದಲ್ಲಿ ತ್ರಿಕೋನದ ಎಚ್ಚರಿಕೆ ಗುರುತು ಬಂತೆಂದರೆ ಒತ್ತಡ ತಲುಪುತ್ತಿಲ್ಲ ಎಂದೇ ಅರ್ಥ. ಆಗ ವಿಂಡೋಸ್ ಇಂಕ್ ಮತ್ತೆ ಚಾಲೂ ಮಾಡಿ ನೋಡಿ. ಬೇರೆ ಕಂಪನಿಯ ಟ್ಯಾಬ್ಲೆಟ್ಟಿನ ಹಳೆಯ ಡ್ರೈವರ್ ಇದ್ದರೆ ಮೊದಲು ಅದನ್ನು ತೆಗೆದು, ಕಂಪ್ಯೂಟರ್ ಮರುಚಾಲನೆ ಮಾಡಿ, ಆಮೇಲೆ ಹೊಸದನ್ನು ಹಾಕಬೇಕು. ಎರಡು ಡ್ರೈವರ್‌ಗಳು ಒಂದೇ ಮನೆಯಲ್ಲಿ ಬಾಳುವುದಿಲ್ಲ.

ಅಕ್ಷರ ಬರೆಯುವಾಗ

ಇಲ್ಲಿ ಮೌಸಿಗೆ ಪೈಪೋಟಿಯೇ ಇಲ್ಲ. ಆದರೆ ಪೆನ್ ಯಾಕೆ ಗೆಲ್ಲುತ್ತದೆ ಎನ್ನುವಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಎಲ್ಲರೂ ಒತ್ತಡದ ಮಟ್ಟಗಳನ್ನು ಹೇಳುತ್ತಾರೆ, 2048, 4096, 8192. ಕತ್ತರಿಸಿದ ನಿಬ್ಬಿನ ಹಳೆಯ ಕನ್ನಡ ಬರಹದಲ್ಲಿ ದಪ್ಪ ತೆಳುವು ಬರುತ್ತಿದ್ದುದು ಒತ್ತುವುದರಿಂದಲ್ಲ, ನಿಬ್ಬಿನ ಕೋನದಿಂದ. ಅದೇ ರೂಪ ಬೇಕಾದರೆ ಫೋಟೋಶಾಪ್‌ನಲ್ಲಿ ಗಟ್ಟಿ ಅಂಚಿನ ದುಂಡು ಬ್ರಶ್ ತೆಗೆದು, ರೌಂಡ್‌ನೆಸ್ ಶೇ. 15ರಿಂದ 20ಕ್ಕೆ ಇಳಿಸಿ, ಕೋನ 30ರಿಂದ 45 ಡಿಗ್ರಿಗೆ ಇಟ್ಟು, ಸೈಜ್‌ನ ಪೆನ್ ಪ್ರೆಶರ್ ಬಂದ್ ಮಾಡಿ. ಇಲ್ಲಸ್ಟ್ರೇಟರ್‌ನಲ್ಲಾದರೆ ಕ್ಯಾಲಿಗ್ರಾಫಿಕ್ ಬ್ರಶ್ ಇದಕ್ಕೆಂದೇ ಇದೆ. ಮೌಸಿನಲ್ಲಿಯೂ ಈ ದಪ್ಪ ತೆಳುವು ಬರುತ್ತದೆ. ಬಾರದಿರುವುದು ಒಂದೇ ಉಸಿರಿನ ತಿರುವು. ತಲೆಕಟ್ಟಿನಿಂದ ಇಳಿದು ಹೊಟ್ಟೆ ಸುತ್ತಿ ಒತ್ತಕ್ಷರಕ್ಕೆ ಹೋಗುವ ಓಟ ಬೆರಳುಗಳಿಗೆ ಗೊತ್ತು, ಮೌಸ್ ಹಿಡಿದ ಅಂಗೈಗೆ ಗೊತ್ತಿಲ್ಲ.

ಒತ್ತಡ ಬೇಕಾಗುವುದು ಕುಂಚದ ಶೈಲಿಗೆ, ಉದಾಹರಣೆಗೆ ಜಾತ್ರೆಯ ಬ್ಯಾನರಿನ ತಲೆಬರಹಕ್ಕೆ. ಅಲ್ಲಿಯೂ 2048 ಧಾರಾಳ ಸಾಕು. 8 ಬಿಟ್ ಚಿತ್ರದಲ್ಲಿ ಒಂದು ಬಣ್ಣಕ್ಕೆ ಇರುವುದೇ 256 ಮೆಟ್ಟಿಲು. 100 ಪಿಕ್ಸೆಲ್ ಬ್ರಶ್ಶಿಗೆ 8192 ಗಾತ್ರಗಳು ಕಣ್ಣಿಗೆ ಕಾಣುವುದೇ ಇಲ್ಲ. ನೋಡಬೇಕಾದ್ದು ಬೇರೆ: ಎಷ್ಟು ಹಗುರ ಮುಟ್ಟಿದರೆ ಗೆರೆ ಹೊರಡುತ್ತದೆ ಎಂಬುದು. ಅಂಗಡಿಯಲ್ಲೇ ಪೆನ್ನನ್ನು ಅದರ ತೂಕದಲ್ಲಷ್ಟೇ ಎಳೆದು ನೋಡಿ. ಗೆರೆಯ ತುದಿ ತೆಳ್ಳಗೆ ಶುರುವಾಗದೆ ಒಮ್ಮೆಗೇ ಬೊಟ್ಟು ಇಟ್ಟಂತೆ ಬಂದರೆ ಆ ಪೆನ್ ಅಕ್ಷರಕ್ಕೆ ಆಗುವುದಿಲ್ಲ.

ಸಣ್ಣದೋ ಮಧ್ಯಮವೋ? 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ಕೈ ಅರ್ಧ ಮಿಲಿಮೀಟರ್ ನಡುಗಿದರೆ ಸಣ್ಣ ಟ್ಯಾಬ್ಲೆಟ್ಟಿನಲ್ಲಿ ಅದು 6 ಪಿಕ್ಸೆಲ್ ಆಗುತ್ತದೆ, ಮಧ್ಯಮದಲ್ಲಿ 4ಕ್ಕಿಂತ ಕಡಿಮೆ. ‘ಶ್ರೀ’ಯಂಥ ಉದ್ದ ತಿರುವಿಗೆ ಮಧ್ಯಮದಲ್ಲಿ ಮೊಣಕೈಯಿಂದ ಎಳೆಯಬಹುದು, ಸಣ್ಣದರಲ್ಲಿ ಮಣಿಕಟ್ಟೇ ಗತಿ. ಆದರೆ ಮಧ್ಯಮದಲ್ಲಿ ಒಂದು ಮೂಲೆಯಿಂದ ಎದುರು ಮೂಲೆಗೆ ಕೈ 30 ಸೆಂಟಿಮೀಟರ್ ಓಡಬೇಕು, ಸಣ್ಣದರಲ್ಲಿ 18. ದಿನವಿಡೀ ಮೆನುವಿಗೆ ಹೋಗಿ ಬರುವವರ ಭುಜ ಇದನ್ನು ಸಂಜೆ ಹೇಳುತ್ತದೆ. ಅಕ್ಷರವೇ ಮುಖ್ಯವಾದವರಿಗೆ ಮಧ್ಯಮ, ಫೋಟೋ ತಿದ್ದುವವರಿಗೆ ಸಣ್ಣದು, ಇದು ನಮ್ಮ ತೀರ್ಮಾನ.

ಮೌಸ್ ಬಿಟ್ಟುಕೊಡದ ಕೆಲಸಗಳು

ಧಾರವಾಡದ ಕಸೂತಿ ಕೈಬರಹದ ಹಾಗೆ ಮೃದುವಾಗಿ ಕಾಣುವುದರಿಂದ ಅದನ್ನು ಕಂಪ್ಯೂಟರಿಗೆ ಇಳಿಸಲು ಪೆನ್ನೇ ಸರಿ ಎಂದು ಅನಿಸುತ್ತದೆ. ಮಾಡಿ ನೋಡಿದರೆ ತದ್ವಿರುದ್ಧ. ಗವಂತಿ, ಮುರ್ಗಿ, ನೇಗಿ, ಮೆಂತೆ, ಈ ನಾಲ್ಕೂ ಹೊಲಿಗೆಗಳು ಬಟ್ಟೆಯ ಎಳೆ ಎಣಿಸಿ ಹಾಕುವವು. ಗೋಪುರ, ತೇರು, ತುಳಸಿಕಟ್ಟೆಯ ಯಾವ ಗೆರೆಯೂ ಎಣಿಕೆಯ ಹೊರಗಿಲ್ಲ. ಹಾಗಾಗಿ ವಿನ್ಯಾಸದ ತಂತ್ರಾಂಶವಾದ ಕೋರೆಲ್‌ಡ್ರಾದಲ್ಲಿ 2 ಮಿಲಿಮೀಟರ್ ಗ್ರಿಡ್ (ಚೌಕಳಿ) ಹಾಕಿ, ಗ್ರಿಡ್ಡಿಗೆ ಅಂಟುವ ಸ್ನ್ಯಾಪ್ ಚಾಲೂ ಮಾಡಿ, ಬಿಂದುವಿನಿಂದ ಬಿಂದುವಿಗೆ ಮೌಸಿನಲ್ಲಿ ಕ್ಲಿಕ್ ಮಾಡುತ್ತ ಹೋಗುವುದೇ ಸರಿಯಾದ ದಾರಿ. ಅರ್ಧ ವಿನ್ಯಾಸ ಮಾಡಿ ಕನ್ನಡಿ ಪ್ರತಿ ತೆಗೆದರೆ ಉಳಿದರ್ಧ ತಾನೇ ಬರುತ್ತದೆ. ಪೆನ್ನಿನ ಸಹಜ ಓಟಕ್ಕೆ ಇಲ್ಲಿ ಕೆಲಸವಿಲ್ಲ.

ರಾಷ್ಟ್ರಧ್ವಜದ ಚಕ್ರ ಬರೆಯುವಾಗಲೂ ಇದೇ ಮಾತು. ಹುಬ್ಬಳ್ಳಿಯ ಬೆಂಗೇರಿಯಲ್ಲೇ ಖಾದಿ ಧ್ವಜ ತಯಾರಾಗುವುದರಿಂದ ಇಲ್ಲಿನವರ ಕಣ್ಣಿಗೆ ತಪ್ಪು ಚಕ್ರ ಬೇಗ ಬೀಳುತ್ತದೆ. 24 ಅರಗಳು, ಒಂದರಿಂದ ಒಂದಕ್ಕೆ 15 ಡಿಗ್ರಿ. ಒಂದು ಅರ ಬರೆದು, ತಿರುಗುವ ಕೇಂದ್ರವನ್ನು ಚಕ್ರದ ನಡುವಿಗೆ ತಂದು, ರೊಟೇಟ್‌ನಲ್ಲಿ 15 ಡಿಗ್ರಿ, 23 ಪ್ರತಿ ಎಂದು ಕೊಟ್ಟರೆ ಮುಗಿಯಿತು. ಅಂಕಿ ಒತ್ತಲು ಕೀಬೋರ್ಡ್, ಕೇಂದ್ರ ಹಿಡಿಯಲು ಮೌಸ್.

ಪೇಢೆ ಡಬ್ಬಿಯ ಲೇಬಲ್, ಬೆಲೆಪಟ್ಟಿ, ಲಗ್ನಪತ್ರಿಕೆಯ ಒಳಪುಟ ಇವುಗಳಲ್ಲಿ ಪೆನ್ನಿಂದ ನಿಜವಾದ ಹಾನಿಯೇ ಆಗಬಹುದು. ಪೆನ್ ತುದಿಯನ್ನು ಊರಿ ಎತ್ತುವಷ್ಟರಲ್ಲಿ ಅದು ಒಂದೆರಡು ಪಿಕ್ಸೆಲ್ ಸರಿಯುತ್ತದೆ. ಆರಿಸಲು ಮುಟ್ಟಿದ ವಸ್ತು ಜರುಗುತ್ತದೆ, ಪರದೆಯ ಮೇಲೆ ಗೊತ್ತಾಗುವುದಿಲ್ಲ, ಮುದ್ರಣದ ಪ್ಲೇಟ್ ಬಂದ ಮೇಲೆ ಸಾಲು ವಕ್ರ. ಪೆನ್ನಲ್ಲೇ ಮಾಡಬೇಕಾದರೆ ಹಿನ್ನೆಲೆ ಮತ್ತು ಅಂಚುಪಟ್ಟಿಗಳನ್ನು ಮೊದಲೇ ಲಾಕ್ ಮಾಡಿ. ಡ್ರೈವರ್‌ನಲ್ಲಿ ಡಬಲ್ ಕ್ಲಿಕ್ ಅಂತರ ಹೆಚ್ಚಿಸಿ. ಕೋರೆಲ್‌ನಲ್ಲಿ ಹೊರಗೆರೆಗೆ ಬಣ್ಣ ಕೊಡಲು ಪ್ಯಾಲೆಟ್ ಮೇಲೆ ರೈಟ್ ಕ್ಲಿಕ್ ಬೇಕು. ಪೆನ್ನಿನ ಬದಿಯ ಗುಂಡಿ ಒತ್ತುವಾಗ ತುದಿ ಪಕ್ಕದ ಬಣ್ಣಕ್ಕೆ ಹಾರುತ್ತದೆ. ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಪುಟಗಟ್ಟಲೆ ಟೈಪ್ ಮಾಡುವಾಗಂತೂ ಪೆನ್ ಪದೇ ಪದೇ ಕೆಳಗಿಡುವ ವಸ್ತು.

ಫೋಟೋ ಕತ್ತರಿಸುವುದರಲ್ಲಿ ಮಾತ್ರ ಕೆಲಸ ಎರಡು ಪಾಲಾಗುತ್ತದೆ. ಕೋಟಿನ ಭುಜ, ಪೇಟದ ಅಂಚು ಮುಂತಾದ ಗಟ್ಟಿ ಗೆರೆಗಳಿಗೆ ಫೋಟೋಶಾಪ್‌ನ ‘ಪೆನ್ ಟೂಲ್’, ಹೆಸರು ಪೆನ್ ಆದರೂ ಹಿಡಿಯಬೇಕಾದ್ದು ಮೌಸ್. ಮದುಮಗಳ ಹಣೆಯ ಮೇಲಿನ ಸಣ್ಣ ಕೂದಲು, ಮಲ್ಲಿಗೆ ದಂಡೆ, ಸೀರೆಯ ತೆಳುವಾದ ಸೆರಗು ಇವಕ್ಕೆ ಲೇಯರ್ ಮಾಸ್ಕ್ (ಚಿತ್ರವನ್ನು ಅಳಿಸದೆ ಮರೆಮಾಡುವ ಪರದೆ) ಹಾಕಿ, ಬ್ರಶ್ಶಿನ ಫ್ಲೋ (ಬಣ್ಣ ಹರಿಯುವ ಪ್ರಮಾಣ) ಶೇ. 10ರಿಂದ 20 ಇಟ್ಟು ಪೆನ್ನಲ್ಲಿ ಸವರಬೇಕು. ಮೌಸಿನಲ್ಲಿ ಇದನ್ನು ಮಾಡಿದರೆ ಕೂದಲು ಹೋಗಿ ಟೊಪ್ಪಿಗೆ ಉಳಿಯುತ್ತದೆ.

ಧೂಳು, ಬೆವರು, ಕಬ್ಬಿಣದ ಮೇಜು

ಮೌಸಿಗೆ ಹೆಚ್ಚಿನ ಆರೈಕೆ ಬೇಡ. ಟ್ಯಾಬ್ಲೆಟ್ಟಿಗೆ ಬೇಕು. ಇಂದಿನ ಹೆಚ್ಚಿನ ಪೆನ್ನುಗಳಿಗೆ ಬ್ಯಾಟರಿ ಇಲ್ಲ. ಟ್ಯಾಬ್ಲೆಟ್ಟಿನೊಳಗಿನ ತಂತಿಜಾಲ ಹೊರಡಿಸುವ ವಿದ್ಯುತ್ಕಾಂತ ಅಲೆಯನ್ನು ಪೆನ್ನಿನೊಳಗಿನ ಸುರುಳಿ ಹಿಡಿದು ಮರಳಿಸುತ್ತದೆ. ಆದ್ದರಿಂದ ಕಬ್ಬಿಣದ ಮೇಜಿನ ಮೇಲೆ ನೇರ ಇಟ್ಟರೆ, ಪಕ್ಕದಲ್ಲಿ ಸ್ಪೀಕರ್ ಇದ್ದರೆ, ಮೊಬೈಲ್ ಅದರ ಮೇಲೆಯೇ ಬಿದ್ದಿದ್ದರೆ ಗೆರೆ ನಡುಗಬಹುದು. ಕೈ ನಡುಗಿತೆಂದು ಬೇಸರಪಡುವ ಮೊದಲು ಕೆಳಗೆ ಒಂದು ಪ್ಲೈವುಡ್ ಹಲಗೆ ಇಟ್ಟು ನೋಡಿ.

ಎರೆಮಣ್ಣಿನ ಧೂಳು ನಿಬ್ಬಿನ ಕೆಳಗೆ ಸಿಕ್ಕಿದರೆ ಮರಳುಕಾಗದ ಎಳೆದಂತೆ ಆಗುತ್ತದೆ. ದಿನಕ್ಕೊಮ್ಮೆ ಒಣ ಹತ್ತಿಬಟ್ಟೆಯಲ್ಲಿ ಒರೆಸಿ. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಹಾಳೆಯನ್ನು ಅಳತೆಗೆ ಕತ್ತರಿಸಿ ನಾಲ್ಕು ಮೂಲೆಗೆ ಟೇಪ್ ಹಾಕಿದರೆ ಮೇಲ್ಮೈ ಉಳಿಯುತ್ತದೆ. ಅಲೆಗಳು ಹಾಳೆಯನ್ನು ಸುಲಭವಾಗಿ ದಾಟುತ್ತವೆ. ನಿಬ್ಬಿನ ತುದಿ ಉಳಿಯ ಹಾಗೆ ಓರೆ ಸವೆದು ಚೂಪು ಅಂಚು ಬಂದರೆ ಕೂಡಲೇ ಬದಲಿಸಿ, ಅದು ಗೀರು ಹಾಕುತ್ತದೆ. ಏಪ್ರಿಲ್ ಬಿಸಿಲಲ್ಲಿ ಅಂಗೈ ಅಂಟಿ ತಿರುವು ಮುರಿಯುತ್ತದೆ. ಕೊನೆಯ ಎರಡು ಬೆರಳಿಗೆ ಮಾತ್ರ ಬರುವ ಹತ್ತಿ ಕೈಗವಸು ಹಾಕಿದರೆ ಕೈ ಜಾರುತ್ತದೆ.

ಮೇಜಿನ ಮೇಲೆ ಜಾಗ ಹೀಗೆ ಕೊಡಿ: ಟ್ಯಾಬ್ಲೆಟ್ಟಿನ ನಡುಗೆರೆ ಮಾನಿಟರಿನ ನಡುಗೆರೆಗೆ ನೇರ, ಕೀಬೋರ್ಡ್ ಎಡಕ್ಕೆ, ಮೌಸ್ ಬಲಕ್ಕೆ. ಮೌಸಿನ ವೈರ್ ಕಿತ್ತಿಡುವ ಅಗತ್ಯವಿಲ್ಲ, ಎರಡೂ ಒಟ್ಟಿಗೇ ನಡೆಯುತ್ತವೆ. ಮೊದಲ ಎರಡು ವಾರ ಅರ್ಜೆಂಟ್ ಆರ್ಡರ್ ಪೆನ್ನಲ್ಲಿ ಹಿಡಿಯಬೇಡಿ. ದಿನಕ್ಕೆ ಅರ್ಧ ತಾಸು ‘ಅ’ದಿಂದ ‘ಳ’ದವರೆಗೆ ದೊಡ್ಡದಾಗಿ ಬರೆದು ಅಳಿಸಿ. ಪೆನ್ ಬಿಗಿಯಾಗಿ ಹಿಡಿದಿದ್ದೀರಿ ಎನ್ನುವುದನ್ನು ಹೆಬ್ಬೆರಳ ಬುಡದ ನೋವು ತಿಳಿಸುತ್ತದೆ. ಆಗ ಡ್ರೈವರ್‌ನಲ್ಲಿ ಟಿಪ್ ಫೀಲ್ (ಗೆರೆಗೆ ಎಷ್ಟು ಒತ್ತಬೇಕು ಎಂಬ ಸೆಟ್ಟಿಂಗ್) ಅನ್ನು ಒಂದು ಹೆಜ್ಜೆ ಮೃದುವಿನ ಕಡೆಗೆ ಸರಿಸಿ.